ಒಲೆ ಹೇಗಿದೆ?

ಏಪ್ರಿಲ್ 18

ಎಲ್ಕ್ ಜಿಂಕೆಯ ಬೇಟೆಗೆ ಪರ್ಮಿಟ್ ಬಂತು. ಆರ್ವಿಡ್‌ಗಲ್ಲ, ನನಗೆ. ಪ್ರತಿ ವಸಂತದಲ್ಲೂ ಅವನು ತನ್ನ ಅರ್ಜಿಯ ಜೊತೆಗೆ ನನ್ನದೂ ಒಂದು ಹಾಕಿಬಿಡುತ್ತಾನೆ. ಎರಡು ಗಾಳ ಬಿಟ್ಟರೆ ಒಂದಕ್ಕಾದರೂ ಮೀನು ಬಿದ್ದೀತು ಎಂಬ ಲೆಕ್ಕ. ಇಷ್ಟು ವರ್ಷ ಯಾವುದಕ್ಕೂ ಬಿದ್ದಿರಲಿಲ್ಲ. ಕೆಳಗಿನ ಕಾಡಿಗೆ ಮಾಮೂಲು ಪರ್ಮಿಟ್ ಪ್ರತಿ ವರ್ಷ ಸಿಗುತ್ತದೆ, ಮೇಲಿನ ಕಣಿವೆಗೆ ಕೊಡುವುದೇ ಬೆರಳೆಣಿಕೆಯಷ್ಟು, ಜೀವಮಾನದಲ್ಲಿ ಒಮ್ಮೆ ಸಿಕ್ಕರೆ ಪುಣ್ಯ.

ಅದು ಈ ವರ್ಷವೇ ಬೀಳಬೇಕಿತ್ತೆ? ಫೆಬ್ರವರಿಯಲ್ಲಿ ಆರ್ವಿಡ್‌ನ ಸೊಂಟದ ಕೀಲು ಬದಲಾಯಿಸಿದ್ದಾರೆ. ಹೇಸರಗತ್ತೆಗಳನ್ನು ಪಕ್ಕದ ಲೂಯಿಗೆ ಮಾರಿದ್ದಾಯಿತು. ಆವತ್ತಿನಿಂದ ನನ್ನ ಗಂಡ ಕಿಟಕಿಯ ಪಕ್ಕ ಕೂತು ಖಾಲಿ ಕೊಟ್ಟಿಗೆ ನೋಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದಾನೆ. ಮಾತು ಕಡಿಮೆ, ನಗು ಇಲ್ಲವೇ ಇಲ್ಲ. ನಾನು ಏನು ಮಾಡಿಟ್ಟರೂ ತಿನ್ನುತ್ತಾನೆ, ಅದಂತೂ ಬಹಳ ಕೆಟ್ಟ ಲಕ್ಷಣ.

ಪಾಪ, ಅವನ ಪರ್ಮಿಟ್ ವ್ಯರ್ಥವಾಯಿತಲ್ಲ ಎಂದು ಬೇಜಾರಾಯಿತು. ವಾಪಸ್ ಕಳಿಸಿಬಿಡೋಣ ಎಂದೆ. ಅವನು ಕಿಟಕಿಯಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದ.

"ಹೆಸರು ನಿಂದು. ನೀನು ಹೋಗು."

ನಾನು ನಕ್ಕುಬಿಟ್ಟೆ. ಮದುವೆಯಾದಾಗಿನಿಂದ ಬೇಟೆಯ ಬಿಡಾರಕ್ಕೆ ಹೋಗುತ್ತಿದ್ದೇನೆ, ನಿಜ. ಆದರೆ ಹೋಗುವುದು ಅಡಿಗೆಗೆ. ಇಡೀ ಮೊಂಟಾನಾ ರಾಜ್ಯದಲ್ಲಿ ಎಲ್ಕ್ ಬಿಡಾರದ ಅಷ್ಟು ಪಾತ್ರೆ ತೊಳೆದವಳು ನನ್ನನ್ನು ಬಿಟ್ಟರೆ ಇನ್ನೊಬ್ಬಳು ಇರಲಾರಳು. ಎಲ್ಕ್ ಮೇಲೆ ಗುಂಡು ಮಾತ್ರ ಹಾರಿಸಿಲ್ಲ.

ಏಪ್ರಿಲ್ 20

ಆರ್ವಿಡ್ ಹೊತ್ತಿಗೆ ಮುಂಚೆ ಎದ್ದಿದ್ದಾನೆ. ಯಾಕೆ ಅಂದರೆ, ಡೇರೆಯ ವಿಷಯ ಯೋಚಿಸಬೇಕಂತೆ. ನಮ್ಮ ದೊಡ್ಡ ಕ್ಯಾನ್ವಾಸ್ ಡೇರೆಗೂ ಕಬ್ಬಿಣದ ಒಲೆಗೂ ಎರಡು ಹೇಸರಗತ್ತೆ ಬೇಕು. ಲೂಯಿ ಬೇಟೆಯ ಋತುವಿಡೀ ಹೊರಗಿನ ಬೇಟೆಗಾರರನ್ನು ಕರೆದೊಯ್ಯುತ್ತಾನೆ. ನಮಗಾಗಿ ಅವನು ಬರಬಹುದಾದದ್ದು ಕೊನೆಯಲ್ಲಿ ಮಾಂಸ ಇಳಿಸಲು ಮಾತ್ರ. ಅಂದರೆ ಹತ್ತುವಾಗ ಮನೆಯನ್ನು ಬೆನ್ನ ಮೇಲೆ ಹೊರಬೇಕು.

ನಾನು ಹೋಗುತ್ತೇನೆ ಎಂದು ಹೇಳಿಲ್ಲ. ಅವನು ಎದ್ದು ಓಡಾಡುತ್ತಿದ್ದಾನಲ್ಲ, ಅಷ್ಟಕ್ಕಾಗಿ ಸುಮ್ಮನಿದ್ದೇನೆ.

ಮೇ 6

ನನ್ನ ಜೊತೆಗೆ ಟ್ರೂಡಿ ಬರುತ್ತಾಳಂತೆ. ಆರ್ವಿಡ್ ನನ್ನನ್ನು ಕೇಳದೆ ತಂಗಿಗೆ ಫೋನ್ ಮಾಡಿದ್ದಾನೆ.

ಈ ನಾದಿನಿಗೂ ನನಗೂ ಜಗಳವಿಲ್ಲ, ಹಾಗೆಂದು ಸಲಿಗೆಯೂ ಇಲ್ಲ. ಹೆಲೆನಾ ಪಟ್ಟಣದಲ್ಲಿ ಅಂಚೆ ಹಂಚಿ ನಿವೃತ್ತಿಯಾದವಳು. ಗಂಡನನ್ನು ಬಿಟ್ಟ ಮೇಲೆ ಬೆಟ್ಟ ಹತ್ತುವುದೇ ಅವಳ ಸಂಸಾರ. ನಮ್ಮ ಬಿಡಾರಕ್ಕೆ ಒಮ್ಮೆಯೂ ಕಾಲಿಟ್ಟಿಲ್ಲ. ನನ್ನ ಅಡಿಗೆ ಅವಳಿಗೆ ಸೇರುವುದಿಲ್ಲ ಎಂದೇ ನಾನು ತಿಳಿದುಕೊಂಡಿದ್ದೇನೆ.

ಜೂನ್ 9

ಇವತ್ತು ಅಂಗಳದಲ್ಲಿ ಮೂರು ಡೇರೆ ಎದ್ದವು. ದಾರಿಯಲ್ಲಿ ಹೋಗುವವರೆಲ್ಲ ಟ್ರಕ್ಕು ನಿಧಾನ ಮಾಡಿ ನೋಡಿದರು.

ಟ್ರೂಡಿ ಪರಿಚಯದವರಿಂದ ಸಾಲ ತಂದಿದ್ದಳು. ಮೂರೂ ಒಂದೇ ಜಾತಿ: ನಡುವೆ ಒಂದು ಕಂಬ, ಸುತ್ತ ಗಾಳಿಪಟದಂಥ ತೆಳು ಬಟ್ಟೆ, ನೆಲಹಾಸು ಇಲ್ಲ, ಹೊಗೆಕೊಳವೆ ಹೊರಹೋಗಲು ಬೆಂಕಿ ತಾಗದ ಬಟ್ಟೆಯ ಒಂದು ತೂತು. ನೋಡಿದರೆ ಯಾರೋ ರಾಕ್ಷಸ ಟೋಪಿ ಬಿಚ್ಚಿಟ್ಟು ಹೋದಂತಿದೆ. ಆರ್ವಿಡ್ ಊರುಗೋಲು ಹಿಡಿದು ಅಂಗಳಕ್ಕೆ ಇಳಿದು ಬಂದ. ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಸುಕಿ ನೋಡಿ, ಇದರಲ್ಲಿ ಕರ್ಚೀಫು ಹೊಲಿಯಬಹುದು ಎಂದ.

ಅಣ್ಣ ತಂಗಿಗೆ ಜಗಳ ಹತ್ತಿತು. ಅವನಿಗೆ ದೊಡ್ಡದೇ ಬೇಕು, ಮನುಷ್ಯ ಎದ್ದು ನಿಂತು ಪ್ಯಾಂಟು ಹಾಕಿಕೊಳ್ಳುವಂತಿರಬೇಕು. ಅವಳಿಗೆ ಚಿಕ್ಕದೇ ಬೇಕು. ದೊಡ್ಡದರ ಗಾಳಿ ಕಾಯಿಸಲು ಇಡೀ ಕಾಡು ಕಡಿಯಬೇಕಾಗುತ್ತದೆ ಎಂದಳು. ನಾನು ಎಂದಿನಂತೆ ಕಾಫಿ ತಂದುಕೊಟ್ಟೆ. ಇಬ್ಬರೂ ನನ್ನನ್ನು ಕೇಳಲಿಲ್ಲ, ನನಗೂ ಹೇಳಬೇಕೆನ್ನಿಸಲಿಲ್ಲ.

ಅಷ್ಟರಲ್ಲಿ ಮಳೆ ಬಂತು. ಅವರಿಬ್ಬರೂ ವರಾಂಡಕ್ಕೆ ಓಡಿದರು. ನಾನು ಹತ್ತಿರವಿದ್ದ ಚಿಕ್ಕದಕ್ಕೆ ನುಗ್ಗಿದೆ. ಕೂತರೆ ತಲೆಗೆ ಒದ್ದೆ ಗೋಡೆ ತಾಗುತ್ತದೆ, ಕಾಲು ಚಾಚಿದರೆ ಒಲೆಯ ಜಾಗಕ್ಕೆ ಹೋಗುತ್ತದೆ. ಅಲ್ಲಿಂದ ದೊಡ್ಡದಕ್ಕೆ ಹೋದೆ. ನಿಂತು ಹಾಡಬಹುದು, ಆದರೆ ಒಲೆಯ ಜಾಗ ಮಲಗುವ ಕಡೆಯಿಂದ ಅಷ್ಟು ದೂರ, ಚಳಿಗಾಲದ ಬೆಳಿಗ್ಗೆ ಮಲಗುವ ಚೀಲದಿಂದ ಪೂರ್ತಿ ಹೊರಬರದೆ ಬೆಂಕಿ ಹಚ್ಚಲಾಗದು. ಮೂರನೆಯದು ಮಧ್ಯಮ ಗಾತ್ರದ್ದು. ಅದರಲ್ಲಿ ಮಲಗಿ ನೋಡಿದೆ. ಕೈ ಚಾಚಿದರೆ ಒಲೆಯ ಬಾಗಿಲು. ಎದ್ದು ಕೂತರೆ ತಲೆಗೂ ಗೋಡೆಗೂ ನಡುವೆ ಒಂದು ಮೊಳ. ಕಂಬದ ಎತ್ತರಕ್ಕೆ ದಾರ ಕಟ್ಟಿದರೆ ಕಾಲುಚೀಲ ಒಣಗುತ್ತದೆ. ಪಾತ್ರೆ ಇಡಲು ಬಾಗಿಲ ಬಳಿ ಮೂಲೆಯೂ ಇದೆ.

ಒದ್ದೆಯಾಗಿ ವರಾಂಡಕ್ಕೆ ಹೋಗಿ, ಮಧ್ಯದ್ದು ಎಂದೆ. ಆರ್ವಿಡ್ ತಂಗಿಯ ಕಡೆ ತಿರುಗಿ, "ಅಡಿಗೆಯವಳು ಹೇಳಿದ ಮೇಲೆ ಮುಗೀತು," ಎಂದ.

ಜುಲೈ 15

ಡೇರೆ ಬಂತು, ಒಲೆ ಬಂತು. ಒಲೆ ಅಂದರೆ ಬಿಸ್ಕತ್ತಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಮಡಚಿದರೆ ಬ್ಯಾಗಿನ ಜೇಬಿಗೆ ಹೋಗುತ್ತದೆ. ಇದಕ್ಕಿಂತ ಚಿಕ್ಕದೂ ಇತ್ತು. ಆದರೆ ಮೇಲೆ ಬಾಣಲೆಯೂ ಕಾಫಿ ಕೆಟಲೂ ಒಟ್ಟಿಗೆ ಕೂರಬೇಕು, ಇಲ್ಲದಿದ್ದರೆ ನಾನು ಬರುವುದಿಲ್ಲ ಎಂದಿದ್ದೆ. ಬರುವುದಿಲ್ಲ ಎಂದು ಹೇಳುವವಳು ಬರುತ್ತೇನೆ ಎಂದು ಯಾವಾಗ ಒಪ್ಪಿದಳೋ ನನಗೇ ಗೊತ್ತಿಲ್ಲ.

ಹೊಗೆಕೊಳವೆ ಒಂದು ತಮಾಷೆ. ಅದು ಕೊಳವೆಯೇ ಅಲ್ಲ, ಕಾಗದದಷ್ಟು ತೆಳುವಾದ ಟೈಟಾನಿಯಂ ಹಾಳೆ. ಅದನ್ನು ಉದ್ದಕ್ಕೆ ಸುರುಳಿ ಸುತ್ತಿ, ಅಲ್ಲಲ್ಲಿ ಉಂಗುರ ತೊಡಿಸಿದರೆ ಕೊಳವೆ. ಮೊದಲ ಸಲ ಸುತ್ತುವಾಗ ಅದಕ್ಕೆ ಮನಸ್ಸೇ ಇರುವುದಿಲ್ಲ. ಟ್ರೂಡಿ ಒಂದು ತುದಿ, ನಾನು ಒಂದು ತುದಿ, ಉಂಗುರ ಹಿಡಿದು ನಡುವೆ ಆರ್ವಿಡ್. ಅರ್ಧ ಸುತ್ತಿದ್ದೇವೆ, ನನ್ನ ಕೈ ಜಾರಿತು. ಹಾಳೆ ಪಟಾರನೆ ಬಿಚ್ಚಿಕೊಂಡು ಆರ್ವಿಡ್‌ನ ಟೋಪಿಯನ್ನು ಕೋಳಿಗೂಡಿನ ಮೇಲೆ ಎಸೆಯಿತು. ಎರಡನೇ ಸಲ ಟ್ರೂಡಿಯ ಹೆಬ್ಬೆರಳು ಕೊಯ್ಯಿತು. ಮೂರನೇ ಸಲ ಅದು ನಮ್ಮ ಬೆಕ್ಕನ್ನು ಮರ ಹತ್ತಿಸಿತು.

ಆರ್ವಿಡ್ ಹುಲ್ಲಿನ ಮೇಲೆ ಕೂತು ನಕ್ಕ. ಫೆಬ್ರವರಿಯಿಂದ ಈಚೆಗೆ ಇದೇ ಮೊದಲು. ಸೊಂಟ ನೋಯುತ್ತೆ, ನಗಿಸಬೇಡಿ ಎನ್ನುತ್ತ ಮತ್ತೆ ನಕ್ಕ. ನಾನು ಅಡಿಗೆಮನೆಗೆ ಹೋಗಿ ಸ್ವಲ್ಪ ಅತ್ತು ಬಂದೆ. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಬರೆಯಬಹುದಿತ್ತು, ಆದರೆ ಇದನ್ನು ಓದುವವಳು ನಾನೊಬ್ಬಳೇ.

ಸಂಜೆ ಅಂಗಳದಲ್ಲೇ ಮೊದಲ ಬೆಂಕಿ ಹಾಕಿದೆವು. ಹೊಸ ಒಲೆಯನ್ನು ಹೊರಗೆ ಒಮ್ಮೆ ಉರಿಸದೆ ಡೇರೆಯೊಳಗೆ ಇಡಬಾರದಂತೆ, ಎಣ್ಣೆಯೆಲ್ಲ ಸುಟ್ಟುಹೋಗಬೇಕು. ಕೊಳವೆ ಕಾದು, ನೀರಿನ ಮೇಲೆ ಸೀಮೆಎಣ್ಣೆ ಬಿದ್ದಂತೆ ನೀಲಿ, ನೇರಳೆ, ಹೊಂಬಣ್ಣಕ್ಕೆ ತಿರುಗಿತು. ಒಮ್ಮೆ ಕಾದ ಮೇಲೆ ತನ್ನ ಆಕಾರ ಮರೆಯುವುದಿಲ್ಲವಂತೆ. ನೋಡೋಣ.

ಆಗಸ್ಟ್ 22

ಆರ್ವಿಡ್‌ಗೆ ತೂಕದ ಹುಚ್ಚು ಹಿಡಿದಿದೆ. ಮೀನು ತೂಗುವ ಕೊಕ್ಕೆ ತಕ್ಕಡಿಯನ್ನು ಕೊಟ್ಟಿಗೆಯ ತೊಲೆಗೆ ಕಟ್ಟಿ, ನನ್ನ ಸಾಮಾನೆಲ್ಲ ತೂಗುತ್ತಿದ್ದಾನೆ. ಡೇರೆ, ಒಲೆ, ಕೊಳವೆ, ಗೂಟ ಎಲ್ಲ ಸೇರಿ ಬೆಕ್ಕಿಗಿಂತ ಹಗುರ. ಬೆಕ್ಕನ್ನೂ ತೂಗಿದ್ದಾನೆ, ಪಾಪ. ನನ್ನ ಕಬ್ಬಿಣದ ಬಾಣಲೆಯನ್ನು ಮೂರು ಸಲ ಗಂಟಿನಿಂದ ತೆಗೆದಿಟ್ಟ, ಮೂರು ಸಲ ನಾನು ವಾಪಸ್ ಇಟ್ಟೆ. ಕೊನೆಗೆ ತೆಳು ತಗಡಿನದು ತಂದುಕೊಟ್ಟ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಕತ್ತರಿಸಿಬಿಟ್ಟ. ಈಗ ಹಲ್ಲುಜ್ಜಿದರೆ ಬೆರಳು ಗಂಟಲಿಗೆ ಹೋಗುತ್ತದೆ.

ಆದರೆ ಊರುಗೋಲು ಕೊಟ್ಟಿಗೆಯ ಬಾಗಿಲಲ್ಲೇ ಮರೆತು ಬರುತ್ತಾನೆ. ಅದರ ಬಗ್ಗೆ ನಾನು ಬಾಯಿ ಬಿಟ್ಟಿಲ್ಲ.

ಸೆಪ್ಟೆಂಬರ್ 19

ಬೆಳಿಗ್ಗೆ ನನ್ನಪ್ಪನ ಹಳೇ ರೈಫಲ್‌ನಲ್ಲಿ ಕಾಗದದ ಮೇಲೆ ಗುರಿ ಅಭ್ಯಾಸ. ಐದೂ ಗುಂಡು ಅಂಗೈಯಗಲದೊಳಗೆ. ಆರ್ವಿಡ್ ದುರ್ಬೀನು ಇಳಿಸಿ, ಕಾಗದಕ್ಕೆ ಕಾಲಿಲ್ಲ ಎಂದಷ್ಟೇ ಹೇಳಿದ.

ಅಕ್ಟೋಬರ್ 27

ನಾಳೆ ಹೊರಡುವುದು. ಗಂಟು ಕಟ್ಟುವಾಗ ಅಭ್ಯಾಸಬಲದಿಂದ ಅಡಿಗೆ ಪೆಟ್ಟಿಗೆಯನ್ನೂ ಒರೆಸಿಟ್ಟೆ. ಮರದ ಆ ಪೆಟ್ಟಿಗೆ ಮಾವನ ಕಾಲದ್ದು. ಬಿಡಾರದಲ್ಲಿ ಅದನ್ನು ಇಡುವುದು ಒಲೆಯ ಪಕ್ಕದಲ್ಲೇ. ಮಾವ ಮಾಡಿದ ನಿಯಮ: ಎಲ್ಕ್ ಹೊಡೆದವನು ಮನೆಗೆ ಬರುವವರೆಗೂ ಅದರ ಮೇಲೆ ಕೂರಬೇಕು, ಒಂದು ಪಾತ್ರೆಯನ್ನೂ ಮುಟ್ಟಬಾರದು. ಅತ್ಯಂತ ಬೆಚ್ಚಗಿನ ಜಾಗ ಅದು. ಚಮಚ, ಸೌಟು, ಉಪ್ಪು ಎಲ್ಲ ಅದರೊಳಗಿರುವುದರಿಂದ ಪ್ರತಿ ಊಟಕ್ಕೂ ನಾನು "ಸ್ವಲ್ಪ ಏಳು" ಎನ್ನಬೇಕು, ಆರ್ವಿಡ್ ರಾಜನ ಹಾಗೆ ನರಳುತ್ತ ಏಳುತ್ತಾನೆ. ಮಾವ ಅದನ್ನೂ ಮಾಡುತ್ತಿರಲಿಲ್ಲ, ಕಾಲು ಅಗಲಿಸಿ ನಡುವೆ ಮುಚ್ಚಳ ಎತ್ತು ಎನ್ನುತ್ತಿದ್ದರು.

ಈ ಸಲ ಪೆಟ್ಟಿಗೆ ಇಲ್ಲೇ. ತೂಕ ಜಾಸ್ತಿ.

ಟ್ರೂಡಿಯ ಹತ್ತಿರ ಉಪಗ್ರಹದ ಮೂಲಕ ಸಂದೇಶ ಕಳಿಸುವ ಚಿಕ್ಕ ಯಂತ್ರವಿದೆ. ದಿನಕ್ಕೊಂದು ಸುದ್ದಿ ಕಳಿಸಬೇಕೆಂದು ಆರ್ವಿಡ್‌ನ ಅಪ್ಪಣೆ. ರಾತ್ರಿ ಊಟದಲ್ಲಿ ಅವನ ಮುಖ ಮತ್ತೆ ಏಪ್ರಿಲ್ಲಿನ ಹಾಗಾಯಿತು. ನಾನು ಬರಿಗೈಲಿ ಬಂದರೆ ಅವನಿಗೆ ಹೇಗಾಗುತ್ತದೋ. ಈ ಡೇರೆ, ಈ ಒಲೆ, ಈ ತಕ್ಕಡಿ, ಎಲ್ಲದರ ತುದಿಯಲ್ಲಿ ಅವನು ಒಂದು ಎಲ್ಕ್ ನೋಡುತ್ತಿದ್ದಾನೆ. ಅವನ ಎಲ್ಕ್ ತರಲೇಬೇಕು. ನನ್ನ ಕೈಲಾಗುತ್ತದೆ ಎಂದು ನನಗೆ ನಂಬಿಕೆಯಿಲ್ಲ.

ಅಕ್ಟೋಬರ್ 28

ಬದುಕಿದ್ದೇವೆ. ಸ್ವಲ್ಪದರಲ್ಲಿ ತಪ್ಪಿತು, ತಪ್ಪು ನನ್ನದೇ.

ಹತ್ತಿದ್ದು ಇಡೀ ದಿನ. ಮೊಣಕಾಲು ಎರಡೂ ದೂರು ಕೊಟ್ಟವು. ತೊರೆಯ ಪಕ್ಕದ ಸಮತಟ್ಟಿನಲ್ಲಿ ಗೇಣುದ್ದ ಹಿಮವಿತ್ತು, ಕಾಲಿನಲ್ಲಿ ತುಳಿದು ಡೇರೆ ಎಬ್ಬಿಸಿದೆವು. ಕೊಳವೆ ಒಂದೇ ಸಲಕ್ಕೆ ಸುತ್ತಿಕೊಂಡಿತು, ನಿಜಕ್ಕೂ ಆಕಾರ ಮರೆತಿರಲಿಲ್ಲ. ಟ್ರೂಡಿ ಸೌದೆ ತರಲು ಹೋದಳು. ನಾನು ಬಿಡಾರದ ಹಳೇ ಹುಲಿ, ನನಗೆ ಗೊತ್ತಿಲ್ಲದ್ದೇ? ಕ್ಯಾನ್ವಾಸ್ ಡೇರೆಗೆ ಮಾಡುವ ಹಾಗೆ ಸುತ್ತಲೂ ಬಟ್ಟೆಯ ಅಂಚಿನ ಮೇಲೆ ಹಿಮ ರಾಶಿ ಹಾಕಿ, ತಟ್ಟಿ, ಒಂದು ಎಳೆ ಗಾಳಿಯೂ ನುಗ್ಗದಂತೆ ಭದ್ರ ಮಾಡಿದೆ. ಗೋಡೆಗೆ ಗಿಲಾವು ಮಾಡಿದಷ್ಟು ಚೆಂದ.

ಒಲೆ ಹಚ್ಚಿದೆವು. ಮೊದಲು ಬೆಚ್ಚಗಾಯಿತು, ಆಮೇಲೆ ಬೆಂಕಿ ಸೊರಗಿತು, ಹೊಗೆ ಒಲೆಯ ಬಾಗಿಲಿನಿಂದ ಹಿಂದಕ್ಕೆ ಬಂತು. ಗೋಡೆಯ ತುಂಬ ನೀರು ಹನಿದು ನನ್ನ ಆಲೂಗಡ್ಡೆಯ ಲೆಫ್ಸೆ ರೊಟ್ಟಿ ನೆಂದಿತು. ಸೌದೆ ಹಸಿ ಇರಬೇಕೆಂದು ಇನ್ನಷ್ಟು ತುರುಕಿದೆ. ಟ್ರೂಡಿ ತಲೆನೋವು ಎಂದಳು. ನಾನು, ಹತ್ತಿದ ಆಯಾಸ, ಒಂದು ನಿದ್ದೆ ಮಾಡು ಎಂದೆ. ಅವಳು ಮಲಗಲು ಹೋದವಳು ಸುತ್ತ ನೋಡಿದಳು. ಮರುಕ್ಷಣ ಎರಡೂ ಕಾಲಿನಿಂದ ನನ್ನ ಚೆಂದದ ಗೋಡೆಯನ್ನು ಒದ್ದು ಒದ್ದು ಉರುಳಿಸಿದಳು. ಇಬ್ಬರೂ ತೆವಳಿ ಹೊರಬಂದು ಹಿಮದ ಮೇಲೆ ಕೆಮ್ಮುತ್ತ ಕೂತೆವು.

"ಇದಕ್ಕೆ ಕೆಳಗಿಂದ ಗಾಳಿ ಬೇಕು ಕಣೇ. ನೀನು ನಮ್ಮಿಬ್ಬರನ್ನೂ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆಯಲ್ಲ."

ಉಪ್ಪಿನಕಾಯಿ ಹಾಕಿ ಅಭ್ಯಾಸ ಎಂದೆ. ಅವಳು ನಗಲು ಶುರುಮಾಡಿದಳು, ನಾನೂ. ಮುಖವೆಲ್ಲ ಮಸಿ. ಆದರೆ ಹಳೇ ಡೇರೆ ಕ್ಷಮಿಸುತ್ತಿತ್ತು, ಇದು ಕ್ಷಮಿಸುವುದಿಲ್ಲ. ಈಗ ಸುತ್ತಲೂ ನಾಲ್ಕು ಬೆರಳು ಸಂದು ಬಿಟ್ಟಿದ್ದೇವೆ. ಒಲೆ ಉರಿಯುತ್ತಿದೆ, ಗೋಡೆ ಒಣಗಿದೆ.

ಆರ್ವಿಡ್‌ನ ಸಂದೇಶ: "ಒಲೆ ಹೇಗಿದೆ?" ಚೆನ್ನಾಗಿದೆ ಎಂದು ಬರೆದೆವು.

ಅಕ್ಟೋಬರ್ 29

ಎಲ್ಕ್ ಇಲ್ಲ. ಹೆಜ್ಜೆ ಇದೆ, ಹಿಕ್ಕೆ ಇದೆ, ಎಲ್ಕ್ ಇಲ್ಲ. ಒಲೆ ಸ್ವಲ್ಪ ಪಳಗಿದೆ. ದಪ್ಪ ಕೊರಡು ಹಾಕಿದರೆ ಮುನಿಯುತ್ತದೆ, ಬೆರಳು ಗಾತ್ರದ ಒಣ ಚಕ್ಕೆ ಬೇಕು, ಮಗುವಿಗೆ ತಿನ್ನಿಸಿದಂತೆ ಸ್ವಲ್ಪ ಸ್ವಲ್ಪ. ಊಟ ಮುಗಿಸಿ ಹರಟುವಷ್ಟರಲ್ಲಿ ಆರಿಯೇ ಹೋಗುತ್ತದೆ, ರಾತ್ರಿಯಿಡೀ ಇರುವುದಿಲ್ಲ. ಆದರೆ ಮಲಗುವ ಮುಂಚೆ ಚಕ್ಕೆ ಜೋಡಿಸಿಟ್ಟರೆ ಬೆಳಿಗ್ಗೆ ಚೀಲದಿಂದ ಒಂದು ಕೈ ಹೊರಹಾಕಿ ಕಡ್ಡಿ ಗೀರಿದರೆ ಸಾಕು. ಕಾಫಿ ಕುದಿಯುವವರೆಗೂ ಮೂಗು ಹೊರಗೆ ಹಾಕಬೇಕಾಗಿಲ್ಲ. ಕಬ್ಬಿಣದ ಒಲೆ ಈ ಸುಖ ಕೊಟ್ಟಿರಲಿಲ್ಲ, ಅದಕ್ಕೆ ನಾನು ಎದ್ದು ಹೋಗಿ ಸೇವೆ ಮಾಡಬೇಕಿತ್ತು.

ಆರ್ವಿಡ್: "ಒಲೆ ಹೇಗಿದೆ?"

ಅಕ್ಟೋಬರ್ 30

ಬರೆಯಲು ನಾಚಿಕೆ.

ಬೆಳಕು ಹರಿಯುವಾಗ ತೊರೆಯ ಆಚೆ ಬಯಲಿಗೆ ಗಂಡು ಎಲ್ಕ್ ಬಂತು. ಕೊಂಬು ಕುರ್ಚಿಯ ಬೆನ್ನಿನಂತೆ ಹಿಂದಕ್ಕೆ ಬಾಗಿತ್ತು. ನಾನು ಗಂಟಿನ ಮೇಲೆ ರೈಫಲ್ ಊರಿ ಮಲಗಿದ್ದೆ. ದೂರ ಹೆಚ್ಚಿರಲಿಲ್ಲ. ಅದು ಪಕ್ಕೆ ತೋರಿಸಿ ನಿಂತಿತು, ಉಸಿರು ಬಿಟ್ಟಿತು, ಹಿಮ ಕೆದರಿ ಹುಲ್ಲು ತಿಂದಿತು. ನಾನು ನೋಡುತ್ತಲೇ ಇದ್ದೆ. ಕಾಯುತ್ತಿದ್ದೆ. ಏನಕ್ಕೆಂದು ಅದು ನಿಧಾನವಾಗಿ ಮರಗಳ ನಡುವೆ ಹೋದ ಮೇಲೆ ಗೊತ್ತಾಯಿತು: ಬಲಗಡೆಯಿಂದ ಗುಂಡಿನ ಸದ್ದು ಬರಲಿ ಎಂದು. ಬೇಟೆ ನೋಡಲು ಜೊತೆಗೆ ಹೋದಾಗಲೆಲ್ಲ ಆರ್ವಿಡ್ ಇರುವುದು ನನ್ನ ಬಲಕ್ಕೆ.

ಬಲಕ್ಕೆ ಇದ್ದವಳು ಟ್ರೂಡಿ. ಅವಳಿಗೆ ಪರ್ಮಿಟ್ ಇಲ್ಲ, ಕೈಯಲ್ಲಿ ದುರ್ಬೀನು ಮಾತ್ರ. ಅದನ್ನು ಇಳಿಸಿ ಮೆಲ್ಲಗೆ ಹೇಳಿದಳು.

"ಇಲ್ಲಿ ಹೊಡೆಯೋರು ಬೇರೆ ಯಾರೂ ಇಲ್ಲ, ಮಾರ್ಲಿಸ್. ನೀನೇ."

ಬೈದಿದ್ದರೆ ಚೆನ್ನಾಗಿತ್ತು. ಡೇರೆಗೆ ಬಂದು ಅವಳೇ ಕಾಫಿ ಮಾಡಿ ಕೈಗೆ ಕೊಟ್ಟಳು, ನನಗೆ ಕಪ್ಪು ಹಿಡಿಯಲೂ ಸಂಕೋಚ. ಯಾಕೆ ನಮ್ಮ ಬಿಡಾರಕ್ಕೆ ಯಾವತ್ತೂ ಬರಲಿಲ್ಲ ಎಂದು ಕೇಳಿದೆ, ಮಾತು ಬೇರೆ ಕಡೆ ಹೋಗಲಿ ಎಂದು. ಅವಳು ಒಲೆಗೆ ಎರಡು ಚಕ್ಕೆ ಹಾಕಿದಳು. ಹದಿನಾರರ ವಯಸ್ಸಿನಲ್ಲಿ ಅಪ್ಪನನ್ನು ಕೇಳಿದ್ದಳಂತೆ.

"ಅಡಿಗೆಗೆ ಬರೋದಾದ್ರೆ ಬಾ ಅಂದ್ರು. ಬಂದೂಕು ಹಿಡಿಯೋದಾದ್ರೆ ಬರ್ತೀನಿ ಅಂದೆ. ಅಲ್ಲಿಗೆ ಮುಗೀತು. ಆಮೇಲೆ ನೀನು ಬಂದೆ, ಸೌಟು ಹಿಡ್ಕೊಂಡು. ನಿನ್ನ ಮೇಲೆ ನನಗೆಷ್ಟು ಕೋಪ ಇತ್ತು ಗೊತ್ತಾ?"

ನನ್ನ ಅಡಿಗೆ ಮೇಲಲ್ಲವೆ ಎಂದು ಕೇಳಿದೆ. ಅಡಿಗೆ ಅಷ್ಟೇನೂ ಕೆಟ್ಟದಾಗಿಲ್ಲ ಎಂದಳು.

ಆರ್ವಿಡ್‌ಗೆ ನಡೆದದ್ದು ಬರೆಯಲಿಲ್ಲ. ಅವನು ಎಲ್ಕ್ ಬಗ್ಗೆ ಕೇಳುವುದೂ ಇಲ್ಲ. "ಒಲೆ ಹೇಗಿದೆ?" ಅಷ್ಟೇ.

ನವೆಂಬರ್ 1

ಮಧ್ಯಾಹ್ನ ಆರ್ವಿಡ್‌ನ ಉದ್ದದ ಸಂದೇಶ ಬಂತು. ದೊಡ್ಡ ಹಿಮ ಬರುತ್ತಿದೆ, ನಾಳೆ ಹೊತ್ತು ನೆತ್ತಿಗೇರುವ ಮುಂಚೆ ಇಳಿದುಬಿಡಿ, ಕೆಳಗಿನ ರಸ್ತೆ ಮುಚ್ಚಿದರೆ ಈ ವರ್ಷ ಮತ್ತೆ ಹತ್ತುವುದು ಆಗದ ಮಾತು. ಅದರ ಅರ್ಥ ನನಗೆ ಗೊತ್ತು. ಇಳಿದರೆ ಪರ್ಮಿಟ್ ಹೋಯಿತು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಮೂವರು ಗಂಡಸರು ಇಳಿದು ಬಂದರು. ಬೇಸಿಗೆಯ ಡೇರೆ, ಒಲೆಯಿಲ್ಲ, ಮಲಗುವ ಚೀಲ ಹಿಂಡಿದರೆ ನೀರು. ನಮ್ಮಲ್ಲಿ ಕೂತು ಕಾಲುಚೀಲ ಒಣಗಿಸಿಕೊಂಡರು, ನನ್ನ ಆಲೂಗಡ್ಡೆ ಸಾಸೇಜು ಖಾಲಿ ಮಾಡಿದರು. ಅವರಲ್ಲಿ ಗಡ್ಡದವನು ಜೊತೆಗೆ ಬಂದುಬಿಡಿ ಎಂದು ಒತ್ತಾಯ ಮಾಡಿದ, ನಮ್ಮ ಗಂಟು ತಾವೇ ಹೊರುತ್ತೇವೆಂದ. ಒಳ್ಳೆಯ ಮನುಷ್ಯ.

ನಾನು ಡೇರೆಯೊಳಗೆ ಒಮ್ಮೆ ಕಣ್ಣಾಡಿಸಿದೆ. ಸೌದೆ ಇದೆ. ಇನ್ನೂ ನಾಲ್ಕೈದು ದಿನಕ್ಕೆ ತಿನ್ನಲಿದೆ. ಬಟ್ಟೆ ಒಣಗಿದೆ. ಲೂಯಿಯ ಹೇಸರಗತ್ತೆಗಳು ಎದೆಮಟ್ಟ ಹಿಮದಲ್ಲೂ ಬರುತ್ತವೆ, ಸಾಕಿದವಳಿಗೆ ಗೊತ್ತಿಲ್ಲವೆ. ಹಿಮ ನಿಂತ ಮೊದಲ ಬೆಳಿಗ್ಗೆ ಎಲ್ಕ್ ಹಸಿದು ಗಾಳಿ ಬೀಸುವ ದಿಣ್ಣೆಗೆ ಮೇಯಲು ಬರುತ್ತವೆ, ಇದೂ ಗೊತ್ತು. ಬಾಣಲೆ ತಿಕ್ಕುತ್ತ ಇಷ್ಟು ವರ್ಷ ಗಂಡಸರ ಮಾತು ಕೇಳಿದ್ದೇನೆ, ಕಿವಿ ಮುಚ್ಚಿಕೊಂಡಿರಲಿಲ್ಲ.

ಟ್ರೂಡಿ ನನ್ನ ಮುಖ ನೋಡುತ್ತಿದ್ದಳು. ಯಂತ್ರ ಇಸಿದುಕೊಂಡು ನಾನೇ ಬರೆದೆ: "ಇಳಿಯಲ್ಲ. ಒಲೆ ಚೆನ್ನಾಗಿದೆ."

ಉತ್ತರ ಬಂದಿಲ್ಲ.

ನವೆಂಬರ್ 2

ಹಿಮ. ಹೊರಗೆ ಏನೂ ಕಾಣದು. ಒಳಗೆ ಎರಡು ಹೆಂಗಸರು, ಒಂದು ಒಲೆ, ಒಂದು ಹಳೇ ಇಸ್ಪೀಟು ಕಟ್ಟು. ಟ್ರೂಡಿ ಮೋಸ ಮಾಡುತ್ತಾಳೆ, ಸಿಕ್ಕಿಬಿದ್ದರೆ ಅಂಚೆ ಇಲಾಖೆಯವರು ಮೋಸ ಮಾಡುವುದಿಲ್ಲ ಎಂದು ವಾದಿಸುತ್ತಾಳೆ. ಆಗಾಗ ಒಳಗಿನಿಂದ ಗೋಡೆ ತಟ್ಟಿದರೆ ಹಿಮ ಸರ್ರನೆ ಜಾರುತ್ತದೆ. ಕೆಳಗಿನ ಸಂದು ಮುಚ್ಚದಂತೆ ಸರದಿಯಲ್ಲಿ ಹೊರಗೆ ಹೋಗಿ ಕೆದರುತ್ತೇವೆ. ತಲೆ ಮೇಲೆ ದಾರದಲ್ಲಿ ನಾಲ್ಕು ಕಾಲುಚೀಲ, ಎರಡು ಟೋಪಿ, ಕಿತ್ತಳೆ ಬಣ್ಣದ ಅಂಗಿ. ನಮ್ಮ ಮನೆ ನೋಡಲು ಚೆನ್ನಾಗಿಯೇ ಇದೆ.

ಆರ್ವಿಡ್ ಬೆಳಿಗ್ಗೆಯಿಂದ ಮೌನ. ಇಷ್ಟು ವರ್ಷದಲ್ಲಿ ಅವನ ಮಾತು ನಾನು ಮೀರಿದ್ದು ಉಪ್ಪಿನ ವಿಷಯಕ್ಕೆ ಮಾತ್ರ. ಮತ್ತೆ ಕಿಟಕಿಯ ಪಕ್ಕ ಹೋಗಿ ಕೂತಿದ್ದಾನೋ ಎಂದು ಒದ್ದಾಡಿದೆ. ಸಂಜೆ ಯಂತ್ರ ಕಿಣಿ ಎಂದಿತು.

"ಸರಿ. ಒಣ ಸೌದೆ ಒಳಗೇ ಇಟ್ಕೊ. ದಿಣ್ಣೆಗೆ ಗಾಳಿ ಎದುರಿಗೆ ಹೋಗು."

ನಾನು ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನೇ ಬರೆದಿದ್ದಾನೆ, ಕಳ್ಳ.

ನವೆಂಬರ್ 3

ಹೊಡೆದೆ.

ಆಕಾಶ ತೊಳೆದಿಟ್ಟಂತಿತ್ತು, ಚಳಿಗೆ ಮೂಗಿನ ಕೂದಲು ಗರಗರ ಎನ್ನುತ್ತಿತ್ತು. ಆದರೆ ಕಾಲು ಬೆಚ್ಚಗಿತ್ತು, ಕಾಲುಚೀಲ ಒಣಗಿತ್ತು, ಹೊಟ್ಟೆಯಲ್ಲಿ ಬಿಸಿ ಗಂಜಿ ಇತ್ತು. ದಿಣ್ಣೆಯ ಅಂಚಿಗೆ ತೆವಳಿದಾಗ ಅವು ಅಲ್ಲೇ ಇದ್ದವು: ಐದು ಹೆಣ್ಣು, ಹಿಂದೆ ಒಂದು ಗಂಡು. ಮೊನ್ನೆಯದೋ ಬೇರೆಯೋ, ಗೊತ್ತಿಲ್ಲ.

ಈ ಸಲ ಬಲಕ್ಕೆ ಕಿವಿ ಕೊಡಲಿಲ್ಲ. ಉಸಿರು ಅರ್ಧ ಬಿಟ್ಟೆ. ಸದ್ದು ಆದಾಗ, ಇದು ನನ್ನದು ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ಅದು ನಾಲ್ಕು ಹೆಜ್ಜೆ ನಡೆದು ಕೂತಿತು, ಆಮೇಲೆ ಮಲಗಿತು. ನಾನು ಹತ್ತಿರ ಹೋಗಿ ಅದರ ಕತ್ತಿನ ಮೇಲೆ ಕೈಯಿಟ್ಟು ಅತ್ತೆ. ದುಃಖವೂ ಇತ್ತು, ಸಂತೋಷವೂ ಇತ್ತು, ಎರಡನ್ನೂ ಬೇರೆ ಮಾಡಲು ನಾನು ಹೋಗಲಿಲ್ಲ. ಟ್ರೂಡಿಯೂ ಅಳುತ್ತಿದ್ದಳು. ನಿಯಮದಂತೆ ಪರ್ಮಿಟ್ ಚೀಟಿಯಲ್ಲಿ ತಾರೀಖು ಕತ್ತರಿಸಿ ಕೊಂಬಿಗೆ ಕಟ್ಟಿದೆ. ಚೀಟಿಯ ಮೇಲೆ ನನ್ನ ಹೆಸರು ದೊಡ್ಡದಾಗಿ ಅಚ್ಚಾಗಿದೆ, ಈವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ.

ಆಮೇಲೆ ಕತ್ತಲಾಗುವವರೆಗೂ ಕೆಲಸ. ಕರಡಿಯ ಭಯಕ್ಕೆ ಮಾಂಸವನ್ನು ಡೇರೆಯಿಂದ ದೂರ ಮರಕ್ಕೆ ಎತ್ತಿ ಕಟ್ಟಿದೆವು. ಟ್ರೂಡಿ ಊಟದ ತಟ್ಟೆ ಹಿಡಿದೇ ನಿದ್ದೆ ಹೋದಳು. ಒಲೆಯ ಮೇಲೆ ಹಿಮ ಕರಗಿಸಿ ಪಾತ್ರೆ ನಾನೇ ತೊಳೆದಿಟ್ಟೆ.

ಆರ್ವಿಡ್‌ಗೆ ಬರೆದೆ: "ನನ್ನ ಎಲ್ಕ್ ಬಿತ್ತು. ಲೂಯಿಗೆ ಹೇಳು."

ಉತ್ತರ ತಕ್ಷಣ ಬಂತು. "ಹೇಳ್ದೆ. ಒಲೆ ಹೇಗಿದೆ?"

ನವೆಂಬರ್ 5

ಇದನ್ನು ಕಣಿವೆಯ ಬಾಯಲ್ಲಿ, ಟ್ರಕ್ಕು ನಿಲ್ಲಿಸುವ ಬಯಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಗೆ ಹೋಗುವುದು ನಾಳೆ.

ಬೆಳಿಗ್ಗೆ ಲೂಯಿ ಬಂದ, ಹೇಸರಗತ್ತೆಗಳು ನನ್ನನ್ನು ಗುರುತು ಹಿಡಿದು ಜೇಬು ಮೂಸಿದವು. ಹಿಮ ತುಳಿಯುತ್ತ ಇಳಿದೆವು. ದಾರಿಯಲ್ಲಿ ಅವನು ಏನೋ ಬಚ್ಚಿಟ್ಟುಕೊಂಡವನಂತೆ ನಗುತ್ತಿದ್ದ. ತಿರುವು ದಾಟಿದಾಗ ಗೊತ್ತಾಯಿತು. ಬಯಲಿನ ನಡುವೆ ನಮ್ಮ ದೊಡ್ಡ ಕ್ಯಾನ್ವಾಸ್ ಡೇರೆ ಎದ್ದು ನಿಂತಿದೆ, ಕಬ್ಬಿಣದ ಕೊಳವೆಯಿಂದ ಹೊಗೆ. ನಾನು ಇಳಿಯಲ್ಲ ಎಂದು ಬರೆದ ದಿನವೇ ಲೂಯಿಯ ಕೈಲಿ ಸಾಮಾನು ಹೊರಿಸಿ, ರಸ್ತೆ ಮುಚ್ಚುವ ಮುಂಚೆ ಬಂದು ಬಿಡಾರ ಹೂಡಿದನಂತೆ ನನ್ನ ಗಂಡ. ಏನಾದರೂ ಹೆಚ್ಚುಕಮ್ಮಿಯಾದರೆ ಹತ್ತಿರವಿರಬೇಕು, ಹಾಗೆಂದು ಹೇಳಿ ಹೆದರಿಸಲೂ ಬಾರದು. ಹಿಮದಲ್ಲಿ ನಾವು ಇಸ್ಪೀಟು ಆಡುತ್ತಿದ್ದಾಗ ಅವನು ಇಲ್ಲೇ, ಒಬ್ಬನೇ, ಈ ಒಲೆ ಉರಿಸಿಕೊಂಡು ಇದ್ದ. ಈ ಬಯಲಿಗೆ ಫೋನ್ ಸಿಗುತ್ತದೆ, ಸಂದೇಶಗಳೂ ಇಲ್ಲಿಂದಲೇ ಬರುತ್ತಿದ್ದವು.

ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಊರುಗೋಲಿಲ್ಲ. ಸೊಂಟಕ್ಕೆ ನನ್ನ ಅಡಿಗೆಯ ಏಪ್ರನ್. ಕೊಂಬು ನೋಡಿದ, ನನ್ನನ್ನು ನೋಡಿದ, ಸಾರು ತಳ ಹಿಡಿಯುತ್ತಿದೆ, ಬೇಗ ಒಳಗೆ ಬನ್ನಿ ಎಂದ. ತಳ ಹಿಡಿದು ಬಹಳ ಹೊತ್ತಾಗಿತ್ತು, ವಾಸನೆ ತಿರುವಿನವರೆಗೂ ಬಂದಿತ್ತು.

ಒಳಗೆ ಒಲೆಯ ಪಕ್ಕದಲ್ಲಿ ಪೆಟ್ಟಿಗೆ. ನಾನು ಎಂದಿನಂತೆ ಅದನ್ನು ದಾಟಿ ಎಂಜಲು ಪಾತ್ರೆಗಳ ಕಡೆ ಹೋದೆ. ಅವನು ನಾಲ್ಕು ದಿನದ್ದು ಗುಡ್ಡೆ ಹಾಕಿದ್ದ. ಟ್ರೂಡಿ ನನ್ನ ತೋಳು ಹಿಡಿದಳು. ಆರ್ವಿಡ್ ಪೆಟ್ಟಿಗೆಯ ಮೇಲೆ ತನ್ನ ಟೋಪಿಯಿಂದ ಧೂಳು ಹೊಡೆದ.

"ಕೂತ್ಕೊ."

ಕೂತೆ. ನಿಜವಾಗಿ ಬೆಚ್ಚಗಿದೆ. ಬೆನ್ನಿಗೆ ಒಲೆ, ಕಾಲಡಿಗೆ ಹಾಸಿದ ಒಣಹುಲ್ಲು. ಇಷ್ಟು ವರ್ಷ ಅವರೆಲ್ಲ ಯಾಕೆ ಏಳಲು ನರಳುತ್ತಿದ್ದರೆಂದು ಈಗ ತಿಳಿಯಿತು. ಟ್ರೂಡಿಗೂ ಪಕ್ಕದಲ್ಲಿ ಜಾಗ ಮಾಡಿದೆ, ಮಾವನ ನಿಯಮದಲ್ಲಿ ಇದೆಯೋ ಇಲ್ಲವೋ. ಅವಳು ಕೂತು, ಅಪ್ಪನ ಹಾಗೆಯೇ ಕಾಲು ಚಾಚಿದಳು. ಲೂಯಿ ನಮ್ಮಿಬ್ಬರನ್ನೂ ನೋಡಿ ಟೋಪಿ ತೆಗೆದ.

ಆರ್ವಿಡ್ ಸಾರಿನ ಪಾತ್ರೆಯ ಮುಂದೆ ಬಗ್ಗಿ, ಅತ್ತಿತ್ತ ನೋಡಿ, ಜೇಬು ತಡಕಿ, ಕೊನೆಗೆ ನಮ್ಮ ಮುಂದೆ ಬಂದು ನಿಂತ. ಸೌಟು ಬೇಕಂತೆ.

"ಸ್ವಲ್ಪ ಏಳು," ಎಂದ.

ನಾನು ಏಳಲಿಲ್ಲ. ಅವನು ಸಾರನ್ನು ಚಾಕುವಿನಲ್ಲೇ ಕಲಕಿದ.